ಫರ್ನಾಂಡಿಸ್ ಅಂದ್ರೆ ಯಾರ ಮಗ?

2019ರಲ್ಲಿ ಅರ್ಜೆಂಟೀನಾದಲ್ಲಿ ಒಂದು ಎಲೆಕ್ಷನ್ ಆಯ್ತು. ಅಧ್ಯಕ್ಷ ಸ್ಥಾನಕ್ಕೆ ಆಲ್ಬರ್ಟೊ ಫರ್ನಾಂಡಿಸ್, ಉಪಾಧ್ಯಕ್ಷ ಸ್ಥಾನಕ್ಕೆ ಕ್ರಿಸ್ಟಿನಾ ಫರ್ನಾಂಡಿಸ್, ಇಬ್ಬರೂ ಜೋಡಿಯಾಗಿ ನಿಂತು ಗೆದ್ರು. ನಮ್ಮ ಕಡೆಯವರು ಯಾರಾದ್ರೂ ಈ ಹೆಸರು ನೋಡಿದ್ರೆ ಗಂಡ ಹೆಂಡ್ತಿನೋ ಅಣ್ಣ ತಂಗಿನೋ ಇರ್ಬೇಕು, ಅಲ್ಲೂ ಕುಟುಂಬ ರಾಜಕಾರಣನೇ ಅಂತ ಷರಾ ಬರೆದೇಬಿಡ್ತಾರೆ. ಆದ್ರೆ ಅವರಿಬ್ಬರಿಗೂ ಸಂಬಂಧನೇ ಇಲ್ಲ. ಕ್ರಿಸ್ಟಿನಾ ಗಂಡ ನೆಸ್ಟರ್ ಕಿರ್ಚ್ನರ್, ಆತ 2003ರಿಂದ 2007ರವರೆಗೆ ಅಧ್ಯಕ್ಷ ಆಗಿದ್ದೋರು, ಆಮೇಲೆ 2007ರಿಂದ 2015ರವರೆಗೆ ಈಕೆನೇ ಅಧ್ಯಕ್ಷೆ, ಫರ್ನಾಂಡಿಸ್ ಅನ್ನೋದು ಆಕೆ ಹುಟ್ಟಿದ ಮನೆ ಹೆಸರು. ಆಲ್ಬರ್ಟೊ ನೆಸ್ಟರ್ ಸರ್ಕಾರದಲ್ಲಿ ಸಂಪುಟದ ಮುಖ್ಯಸ್ಥ ಆಗಿದ್ದ ಲಾಯರ್. ಹೆಸರು ಸೇರಿದ್ದು ಕಾಕತಾಳೀಯ, ಅದೂ ಆ ದೇಶದಲ್ಲಿ ಅಂಥ ದೊಡ್ಡ ಕಾಕತಾಳೀಯ ಏನಲ್ಲ, ಯಾಕಂದ್ರೆ ಅಲ್ಲಿ ಯಾವ ಬೀದಿಗೆ ಹೋದ್ರೂ ಒಬ್ಬ ಫರ್ನಾಂಡಿಸ್ ಸಿಗ್ತಾನೆ.

ಈ ಹೆಸರಿನ ಅರ್ಥ ಸಿಂಪಲ್, ಫರ್ನಾಂಡೋನ ಮಗ, ಅಷ್ಟೇ. ಸ್ಪ್ಯಾನಿಷ್‌ನಲ್ಲಿ ಹೆಸರಿನ ಕೊನೆಗೆ ಬರೋ ಆ 'ಎಸ್' ಇದ್ಯಲ್ಲ (ಬರೆಯೋದು ಝಡ್ ಅಕ್ಷರ ಹಾಕಿ), ಅದು ಇಂಥವನ ಮಗ ಅಂತ ಹೇಳೋ ಬಾಲ. ರೋಡ್ರಿಗೋ ಮಗ ರೋಡ್ರಿಗಸ್, ಗೊನ್ಸಾಲೋ ಮಗ ಗೊನ್ಸಾಲೆಸ್, ಸ್ಯಾಂಚೋ ಮಗ ಸ್ಯಾಂಚೆಸ್, ಮಾರ್ಟಿನ್ ಮಗ ಮಾರ್ಟಿನೆಸ್, ಪೆಡ್ರೋ ಮಗ ಪೆರೆಸ್. ಈ ಬಾಲ ಎಲ್ಲಿಂದ ಬಂತು, ಲ್ಯಾಟಿನ್‌ನಿಂದಲೋ ಬೇರೆ ಕಡೆಯಿಂದಲೋ ಅನ್ನೋದ್ರ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಇನ್ನು ಫರ್ನಾಂಡೋ ಅನ್ನೋ ಹೆಸರು ಮೂಲದಲ್ಲಿ ಸ್ಪ್ಯಾನಿಷೇ ಅಲ್ಲ, ರೋಮನ್ನರ ಕಾಲ ಮುಗಿದ ಮೇಲೆ ಸ್ಪೇನ್ ಆಳಿದ ವಿಸಿಗೋಥ್‌ ಜನರ ಜರ್ಮನಿಕ್ ಭಾಷೆಯ ಹೆಸರು, ಎರಡು ಪದ ಸೇರಿ ಆಗಿದ್ದು. ಎರಡನೇದು ಧೈರ್ಯ ಅನ್ನೋದ್ರಲ್ಲಿ ಅನುಮಾನ ಇಲ್ಲ, ಮೊದಲನೇದನ್ನ ಕೆಲವರು ಪ್ರಯಾಣ ಅಂತಾರೆ, ಕೆಲವರು ಶಾಂತಿ ಅಂತಾರೆ. ಸ್ಪೇನ್‌ನಲ್ಲಿ ಇದನ್ನ ಹೇಳೋದು 'ಫೆರ್ನಾಂದೆಥ್' ಅಂತ, ಲ್ಯಾಟಿನ್ ಅಮೆರಿಕದಲ್ಲಿ 'ಫೆರ್ನಾಂದೆಸ್'. ನಾನು ಇಲ್ಲಿ ಎಲ್ಲ ಕಡೆ ನಮ್ಮ ಬಾಯಿಗೆ ಬರೋ ಹಾಗೆ ಫರ್ನಾಂಡಿಸ್ ಅಂತಲೇ ಬರೀತೀನಿ.

ಈಗ ಮುಖ್ಯ ವಿಷಯ. ಮೊದಲು ಇದು ಸರ್‌ನೇಮೇ ಆಗಿರ್ಲಿಲ್ಲ, ಅಪ್ಪನ ಹೆಸರು ಆಗಿತ್ತು, ಅದಕ್ಕೇ ಪ್ರತಿ ತಲೆಮಾರಿಗೂ ಬದಲಾಗ್ತಿತ್ತು. ಇದಕ್ಕೆ ಕ್ಯಾಸ್ಟೀಲ್ ಪ್ರಾಂತ್ಯ ಆಳಿದ ಕೌಂಟ್‌ಗಳ ವಂಶಾವಳಿಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ಗೊನ್ಸಾಲೋ ಫರ್ನಾಂಡಿಸ್ ಅಂತ ಒಬ್ಬ ಇದ್ದ, ಅವನ ಮಗ ಫರ್ನಾನ್ ಗೊನ್ಸಾಲೆಸ್, 970ರಲ್ಲಿ ತೀರಿಹೋದ ಈತನೇ ಕ್ಯಾಸ್ಟೀಲ್‌ನ ಹೆಚ್ಚುಕಮ್ಮಿ ಸ್ವತಂತ್ರ ಮಾಡಿದೋನು. ಅವನ ಮಗ ಗಾರ್ಸಿಯಾ ಫರ್ನಾಂಡಿಸ್. ಅವನ ಮಗ ಸ್ಯಾಂಚೋ ಗಾರ್ಸಿಯಾ. ಅವನ ಮಗ ಗಾರ್ಸಿಯಾ ಸ್ಯಾಂಚೆಸ್, ಪಾಪ 1029ರಲ್ಲಿ ಮದುವೆಗೆ ಅಂತ ಲಿಯಾನ್ ಊರಿಗೆ ಹೋದವನನ್ನ ಅಲ್ಲೇ ಕೊಂದುಹಾಕಿದ್ರು. ಐದು ತಲೆಮಾರು, ಒಂದೇ ರಕ್ತ, ಫರ್ನಾಂಡಿಸ್ ಹೋಗಿ ಗೊನ್ಸಾಲೆಸ್ ಬಂತು, ಮತ್ತೆ ಫರ್ನಾಂಡಿಸ್ ಬಂತು, ಆಮೇಲೆ ಅದೂ ಹೋಯ್ತು. ನಮ್ಮಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಇಟ್ಕೊಳ್ಳೋರ ಮನೇಲಿ ತಾತಂದು ಒಂದು ಇನಿಷಿಯಲ್, ಅಪ್ಪಂದು ಇನ್ನೊಂದು, ಮಗಂದು ಮತ್ತೊಂದು ಇರತ್ತಲ್ಲ, ಥೇಟ್ ಹಂಗೇ. ನಿಧಾನಕ್ಕೆ ಮಧ್ಯಯುಗ ಮುಗಿಯೋ ಹೊತ್ತಿಗೆ ಈ ಬದಲಾವಣೆ ನಿಂತುಹೋಗಿ ಯಾವ ಮನೆಯಲ್ಲಿ ಯಾವ ಅಪ್ಪನ ಹೆಸರು ಓಡ್ತಿತ್ತೋ ಅದೇ ಪರ್ಮನೆಂಟ್ ಆಗಿಬಿಡ್ತು. ಅಂದ್ರೆ ಇವತ್ತಿನ ಒಬ್ಬ ಫರ್ನಾಂಡಿಸ್‌ಗೂ ಇನ್ನೊಬ್ಬ ಫರ್ನಾಂಡಿಸ್‌ಗೂ ಒಬ್ಬನೇ ಮೂಲಪುರುಷ ಇರ್ಬೇಕು ಅಂತ ಏನೂ ಇಲ್ಲ, ಫರ್ನಾಂಡೋ ಅನ್ನೋ ಹೆಸರಿನ ಅಪ್ಪಂದಿರು ಆ ಕಾಲದಲ್ಲಿ ಊರಿಗೆ ಹತ್ತು ಜನ ಇರ್ತಿದ್ರು. ಅದ್ರ ಜೊತೆಗೆ ಮೂರನೇ ಫರ್ನಾಂಡೋ ಅನ್ನೋ ರಾಜ 1236ರಲ್ಲಿ ಕೊರ್ಡೋಬಾ, 1248ರಲ್ಲಿ ಸೆವಿಲ್ ಗೆದ್ದ, 1671ರಲ್ಲಿ ಚರ್ಚ್ ಅವನನ್ನ ಸಂತ ಅಂತಲೂ ಮಾಡ್ತು, ಅಂಥ ರಾಜನ ಹೆಸರು ಮಕ್ಕಳಿಗೆ ಇಡದೆ ಬಿಡ್ತಾರಾ.

ಹರ್ನಾಂಡೆಸ್ ಅಂತ ಇನ್ನೊಂದು ಹೆಸರು ಕೇಳಿರ್ತೀರಿ, ಫುಟ್ಬಾಲ್ ನೋಡೋರಿಗೆ ಕ್ಸಾವಿ ಹರ್ನಾಂಡೆಸ್ ಗೊತ್ತೇ ಇರ್ತಾನೆ. ಅದೂ ಇದೇ ಹೆಸರು! ಲ್ಯಾಟಿನ್ ಪದಗಳ ಮೊದಲಿನ 'ಫ' ಎಷ್ಟೋ ಕಡೆ ಸ್ಪ್ಯಾನಿಷ್‌ಗೆ ಬರೋವಾಗ 'ಹ' ಆಗಿ ಆಮೇಲೆ ಉಚ್ಚಾರಣೇಲಿ ಪೂರ್ತಿ ಬಿದ್ದೇಹೋಯ್ತು, ಹಿಟ್ಟಿಗೆ ಲ್ಯಾಟಿನ್‌ನಲ್ಲಿ ಫರೀನಾ, ಸ್ಪ್ಯಾನಿಷ್‌ನಲ್ಲಿ ಬರೆಯೋದು ಹರೀನಾ, ಹೇಳೋದು ಅರೀನಾ. ಹಂಗೇ ಫರ್ನಾಂಡೋ ಹರ್ನಾಂಡೋ ಆದ, ಮೆಕ್ಸಿಕೋ ಗೆದ್ದ ಹರ್ನಾನ್ ಕೊರ್ಟೆಸ್ ಕೂಡ ಅವನ ಕಾಲದ ಕಾಗದಗಳಲ್ಲಿ ಫರ್ನಾಂಡೋನೇ. ನಮಗಂತೂ ಇದು ಹೊಸದಲ್ಲ, ಪಾಲು ಹಾಲಾಗಿ ಪುಲಿ ಹುಲಿಯಾದ ಭಾಷೆ ನಮ್ಮದು.

ಈ ಹೆಸರಿನವರಲ್ಲಿ ನನಗೆ ಭಾರೀ ಇಷ್ಟ ಆಗೋದು ಗೊನ್ಸಾಲೋ ಫರ್ನಾಂಡಿಸ್ ಡಿ ಕೊರ್ಡೋಬಾ, 1453ರಲ್ಲಿ ಮೊಂಟಿಯಾ ಊರಲ್ಲಿ ಹುಟ್ಟಿದ ಸೇನಾಪತಿ, ಸ್ಪೇನ್‌ನವರು ಇವನನ್ನ ಮಹಾ ಕ್ಯಾಪ್ಟನ್ ಅಂತಲೇ ಕರೀತಾರೆ. 1503ರ ಏಪ್ರಿಲ್ 28ಕ್ಕೆ ಇಟಲಿಯ ಚೆರಿನ್ಯೋಲಾದಲ್ಲಿ ಫ್ರೆಂಚರ ಕುದುರೆ ಸೈನ್ಯ ಮೇಲೆ ಬಿದ್ದಾಗ ಈತ ಏನ್ ಮಾಡಿದ ಅಂದ್ರೆ ಮುಂದೆ ಕಂದಕ ತೋಡಿಸಿ, ಆ ಮಣ್ಣನ್ನೇ ದಿಬ್ಬ ಮಾಡಿ, ಅದರ ಹಿಂದೆ ಕೋವಿ ಹಿಡಿದ ಕಾಲಾಳುಗಳನ್ನ ನಿಲ್ಲಿಸಿಬಿಟ್ಟ. ಕುದುರೆಗಳು ಕಂದಕದ ಹತ್ತಿರ ಬಂದು ತಡವರಿಸೋದು, ಇವರು ಅಲ್ಲಿಂದ ಗುಂಡು ಹಾರಿಸೋದು. ಫ್ರೆಂಚ್ ಸೇನಾಪತಿ ಅಲ್ಲೇ ಸತ್ತ. ಕೈಕೋವಿಯ ಬಲದಿಂದ ಗೆದ್ದ ಯುರೋಪಿನ ಮೊದಲ ದೊಡ್ಡ ಯುದ್ಧ ಅಂತ ಇದನ್ನ ಸುಮಾರು ಜನ ಲೆಕ್ಕ ಹಾಕ್ತಾರೆ.

ಆದ್ರೆ ಸ್ಪೇನ್‌ನ ಸಾಮಾನ್ಯ ಜನಕ್ಕೆ ಇವನು ನೆನಪಿರೋದು ಯುದ್ಧದಿಂದಲ್ಲ, ಲೆಕ್ಕದ ಪುಸ್ತಕದಿಂದ. ನೇಪಲ್ಸ್ ಗೆದ್ದುಕೊಟ್ಟ ಮೇಲೆ ರಾಜ ಖರ್ಚಿನ ಲೆಕ್ಕ ಕೇಳಿದನಂತೆ. ಈತನಿಗೆ ಸಿಟ್ಟು ಬಂತು, ಬರೆದುಕೊಟ್ಟನಂತೆ: ನಮ್ಮ ಗೆಲುವಿಗೆ ಪ್ರಾರ್ಥನೆ ಮಾಡಿದ ಸನ್ಯಾಸಿಗಳಿಗೂ ಬಡವರಿಗೂ ಇಷ್ಟು, ಶತ್ರುಗಳ ಹೆಣದ ವಾಸನೆ ತಡ್ಕೊಳ್ಳೋಕೆ ಸೈನಿಕರಿಗೆ ಸುಗಂಧ ಹಚ್ಚಿದ ಕೈಗವಸಿಗೆ ಇಷ್ಟು, ದಿನಾ ಗೆಲುವಿನ ಗಂಟೆ ಬಾರಿಸಿ ಬಾರಿಸಿ ಸವೆದುಹೋದ ಗಂಟೆಗಳ ರಿಪೇರಿಗೆ ಇಷ್ಟು, ಕೊನೆಗೆ ರಾಜ್ಯ ಗೆದ್ದುಕೊಟ್ಟವನ ಹತ್ರ ರಾಜ ಲೆಕ್ಕ ಕೇಳೋದನ್ನ ಸಹಿಸಿಕೊಂಡ ತಾಳ್ಮೆಗೆ ಹತ್ತು ಕೋಟಿ. ಇದು ದಂತಕಥೆ, ಒಬ್ಬೊಬ್ಬರು ಒಂದೊಂದು ಅಂಕಿ ಹೇಳ್ತಾರೆ, ಆದ್ರೂ ಇವತ್ತಿಗೂ ಯಾರಾದ್ರೂ ಸುಳ್ಳು ಬಿಲ್ ಬರೆದು ಕೊಟ್ರೆ 'ಇದು ಮಹಾ ಕ್ಯಾಪ್ಟನ್ ಲೆಕ್ಕ' ಅಂತ ಸ್ಪ್ಯಾನಿಷ್‌ನಲ್ಲಿ ಗಾದೆ ಥರ ಹೇಳ್ತಾರೆ. ತಮಾಷೆ ಏನಂದ್ರೆ ಲೆಕ್ಕ ಕೇಳಿದ ಆ ರಾಜನ ಹೆಸರೂ ಫರ್ನಾಂಡೋನೇ.

ಇನ್ನೊಬ್ಬ ಹುವಾನ್ ಫರ್ನಾಂಡಿಸ್, ಹಡಗು ನಡೆಸೋನು. ಪೆರುವಿನ ಕಯ್ಯಾವೋ ಬಂದರಿನಿಂದ ಚಿಲಿಯ ವಾಲ್ಪರೈಸೊಗೆ ಹೋಗ್ಬೇಕಂದ್ರೆ ಆಗ ತಿಂಗಳಾನುಗಟ್ಟಲೆ ಹಿಡೀತಿತ್ತು, ಯಾಕಂದ್ರೆ ದಡದ ಪಕ್ಕದಲ್ಲೇ ಸಮುದ್ರದ ಪ್ರವಾಹವೂ ಗಾಳಿಯೂ ಎದುರುಗಡೆಯಿಂದ ತಳ್ಳತ್ತೆ, ಎಲ್ಲರೂ ದಡ ಬಿಡೋಕೆ ಹೆದರಿ ಅದರ ವಿರುದ್ಧವೇ ಒದ್ದಾಡ್ಕೊಂಡು ಹೋಗೋರು. ಇವನು 1574ರಲ್ಲಿ ದಡ ಬಿಟ್ಟು ಪಶ್ಚಿಮಕ್ಕೆ ನಡುಸಮುದ್ರಕ್ಕೆ ಹೋದ, ಅಲ್ಲಿಂದ ದಕ್ಷಿಣಕ್ಕೆ ಇಳಿದು ಆಮೇಲೆ ಪೂರ್ವಕ್ಕೆ ತಿರುಗಿಸಿದ, ಸುಮಾರು ಒಂದೇ ತಿಂಗಳಲ್ಲಿ ತಲುಪಿಬಿಟ್ಟ. ಇವನು ಮಾಟ ಮಾಡಿದಾನೆ ಅಂತ ಜನ ಆಡ್ಕೊಂಡ್ರು ಅಂತಲೂ ಕಥೆ ಇದೆ. ದಾರಿಯಲ್ಲಿ ಸಿಕ್ಕಿದ ದ್ವೀಪಗಳಿಗೆ ಇವನದೇ ಹೆಸರು ಬಂತು, ಚಿಲಿ ದಡದಿಂದ 670 ಕಿಲೋಮೀಟರ್ ಆಚೆಗಿರೋ ಹುವಾನ್ ಫರ್ನಾಂಡಿಸ್ ದ್ವೀಪಗಳು.

ಅದೇ ದ್ವೀಪದಲ್ಲಿ 1704ರಿಂದ 1709ರವರೆಗೆ ಅಲೆಕ್ಸಾಂಡರ್ ಸೆಲ್ಕರ್ಕ್ ಅನ್ನೋ ಸ್ಕಾಟ್ಲೆಂಡ್ ನಾವಿಕ ಒಬ್ಬನೇ ಇದ್ದ, ರಾಬಿನ್ಸನ್ ಕ್ರೂಸೋ ಕಥೆಗೆ ಸ್ಫೂರ್ತಿ ಅಂತ ಹೇಳೋದು ಇವನನ್ನೇ. 1966ರಲ್ಲಿ ಚಿಲಿ ಸರ್ಕಾರ ಟೂರಿಸ್ಟ್‌ಗಳು ಬರ್ಲಿ ಅಂತ ಅವನು ಇದ್ದ ದ್ವೀಪಕ್ಕೆ ರಾಬಿನ್ಸನ್ ಕ್ರೂಸೋ ಅಂತಲೂ ಅಲ್ಲಿಂದ ದೂರ ಇರೋ ಇನ್ನೊಂದಕ್ಕೆ ಸೆಲ್ಕರ್ಕ್ ಅಂತಲೂ ಹೆಸರಿಟ್ಟಿತು. ಅಂದ್ರೆ ಸೆಲ್ಕರ್ಕ್ ಇದ್ದ ದ್ವೀಪಕ್ಕೆ ಇಲ್ಲದೇ ಇರೋ ಮನುಷ್ಯನ ಹೆಸರು, ಅವನು ಕಾಲಿಡದ ದ್ವೀಪಕ್ಕೆ ಅವನ ಹೆಸರು. ಇಂಥ ನಾಮಕರಣ ನಮ್ಮ ಕಾರ್ಪೊರೇಷನ್‌ನವರಿಗೂ ಹೊಳೆಯಲ್ಲ ಬಿಡಿ.

ಶಿಲ್ಪಿ ಗ್ರೆಗೋರಿಯೋ ಫರ್ನಾಂಡಿಸ್ 1576ರಲ್ಲಿ ಹುಟ್ಟಿ 1636ರಲ್ಲಿ ತೀರಿಹೋದ, ವಯ್ಯಾದೊಲಿದ್ ಊರಲ್ಲಿ ಕೂತು ಮರದಲ್ಲಿ ಕ್ರಿಸ್ತನ ವಿಗ್ರಹ ಕೆತ್ತಿ ಬಣ್ಣ ಹಾಕ್ತಿದ್ದ. ಕಣ್ಣಿಗೆ ಗಾಜು, ಹಲ್ಲಿಗೆ ದಂತ, ಉಗುರಿಗೆ ಕೊಂಬು, ಗಾಯ ಉಬ್ಬಿ ಕಾಣೋಕೆ ಕಾರ್ಕ್, ಒಟ್ಟಿನಲ್ಲಿ ನೋಡಿದೋರಿಗೆ ಹೆಣ ಅಂತಲೇ ಅನ್ನಿಸ್ಬೇಕು. ಅವನ ವಿಗ್ರಹಗಳನ್ನ ಈಸ್ಟರ್ ಹಿಂದಿನ ವಾರದಲ್ಲಿ ಆ ಊರಲ್ಲಿ ಇವತ್ತಿಗೂ ಮೆರವಣಿಗೆ ಮಾಡ್ತಾರೆ.

ಹೆಸರನ್ನೇ ಬಿಸಾಕಿದ ಫರ್ನಾಂಡಿಸ್ ಕೂಡ ಒಬ್ಬ ಇದಾನೆ. ಸ್ಪೇನ್ ವಿರುದ್ಧ ಹೋರಾಡ್ತಿದ್ದ ಮೆಕ್ಸಿಕೋದ ಫರ್ನಾಂಡಿಸ್ ಮನೆತನದ ಹುಡುಗ, ಸ್ವಾತಂತ್ರ್ಯದ ಯುದ್ಧ ನಡೀತಿದ್ದಾಗಲೇ ತನ್ನ ಹೆಸರನ್ನ ಗ್ವಾದಲೂಪೆ ವಿಕ್ಟೋರಿಯಾ ಅಂತ ಬದಲಾಯಿಸ್ಕೊಂಡ. ಗ್ವಾದಲೂಪೆ ಅಂದ್ರೆ ಮೆಕ್ಸಿಕೋ ಜನ ನಂಬೋ ಮಾತೆ, ವಿಕ್ಟೋರಿಯಾ ಅಂದ್ರೆ ಗೆಲುವು. 1824ರಲ್ಲಿ ಇವನೇ ಆ ದೇಶದ ಮೊದಲ ಅಧ್ಯಕ್ಷ ಆದ. ಅದೇ ಮೆಕ್ಸಿಕೋದಲ್ಲಿ ಆಮೇಲೆ ಎಮಿಲಿಯೋ ಫರ್ನಾಂಡಿಸ್ ಅನ್ನೋ ಡೈರೆಕ್ಟರ್ ಬಂದ, 1946ರ ಕಾನ್ ಫೆಸ್ಟಿವಲ್‌ನಲ್ಲಿ ದೊಡ್ಡ ಬಹುಮಾನ ಹಂಚ್ಕೊಂಡ ಸಿನಿಮಾಗಳಲ್ಲಿ ಇವಂದೂ ಒಂದು. ಆಸ್ಕರ್ ಗೊಂಬೆಗೆ ಮಾಡೆಲ್ ಇವನೇ ಅಂತ ಒಂದು ಕಥೆ ಓಡಾಡತ್ತೆ, ಸಾಕ್ಷಿ ಇಲ್ಲ. ಹಾಡುಗಾರ ವಿಸೆಂಟೆ ಫರ್ನಾಂಡಿಸ್ ಬಗ್ಗೆ ಬರೆಯೋಕೆ ಕೂತ್ರೆ ಅದೇ ಒಂದು ಲೇಖನ ಆಗತ್ತೆ, ನೀವು ಚಪ್ಪಾಳೆ ನಿಲ್ಲಿಸೋವರೆಗೂ ನಾನು ಹಾಡು ನಿಲ್ಲಿಸಲ್ಲ ಅಂತ ಹೇಳಿ ಗಂಟೆಗಟ್ಟಲೆ ಹಾಡ್ತಿದ್ದ ಮನುಷ್ಯ, 2021ರ ಡಿಸೆಂಬರ್ 12ಕ್ಕೆ ಹೋದ್ರು, ಅವತ್ತೇ ಗ್ವಾದಲೂಪೆ ಮಾತೆಯ ಹಬ್ಬ.

ಇಷ್ಟು ಜನ ಒಂದೇ ಹೆಸರಲ್ಲಿ ಇದ್ರೆ ಗುರುತು ಹಿಡಿಯೋದು ಹೆಂಗೆ ಅನ್ನೋ ಪ್ರಶ್ನೆ ಬರತ್ತೆ. ಸ್ಪೇನ್‌ನಲ್ಲಿ ಗಾರ್ಸಿಯಾ ಮೊದಲನೇ ಸ್ಥಾನ, ಅದಾದ ಮೇಲೆ ರೋಡ್ರಿಗಸ್, ಗೊನ್ಸಾಲೆಸ್, ಫರ್ನಾಂಡಿಸ್ ಇವೆಲ್ಲ ಒತ್ತೊತ್ತಾಗಿ ಬರ್ತವೆ, ಉತ್ತರದ ಅಸ್ತೂರಿಯಾಸ್ ಪ್ರಾಂತ್ಯದಲ್ಲಂತೂ ಫರ್ನಾಂಡಿಸ್‌ದೇ ಮೇಲುಗೈ. ಅದಕ್ಕೆ ಅವರು ಕಂಡ್ಕೊಂಡ ದಾರಿ ಎರಡು ಸರ್‌ನೇಮ್, ಅಪ್ಪಂದು ಒಂದು, ಅಮ್ಮಂದು ಒಂದು. ಮದುವೆ ಆದ ಮೇಲೂ ಹೆಣ್ಣುಮಕ್ಕಳು ಹೆಸರು ಬದಲಾಯಿಸಲ್ಲ. ಅಪ್ಪನ ಹೆಸರು ತೀರಾ ಸಾಮಾನ್ಯ ಆದ್ರೆ ಜನ ತಾವಾಗೇ ಅಮ್ಮನ ಹೆಸರಲ್ಲಿ ಕರೆಯೋಕೆ ಶುರು ಮಾಡ್ತಾರೆ. ಪಿಕಾಸೋ ಅನ್ನೋದು ಅಮ್ಮನ ಕಡೆ ಹೆಸರು, ಅಪ್ಪನ ಕಡೆದು ರೂಯಿಸ್. ಕವಿ ಲೋರ್ಕಾ ಅಪ್ಪನ ಕಡೆಯಿಂದ ಗಾರ್ಸಿಯಾ. ಪ್ರಧಾನಿ ಆಗಿದ್ದ ಸಪತೇರೋ ಅಪ್ಪನ ಕಡೆಯಿಂದ ರೋಡ್ರಿಗಸ್. ಮೊದಲು ಅಪ್ಪ ಅಮ್ಮ ಬೇರೆ ಏನೂ ಹೇಳದಿದ್ರೆ ಅಪ್ಪನ ಹೆಸರೇ ಮುಂದೆ ಬರ್ತಿತ್ತು, 2017ರಿಂದ ಯಾವುದು ಮುಂದೆ ಅಂತ ಅಪ್ಪ ಅಮ್ಮ ಕೂತು ತೀರ್ಮಾನ ಮಾಡ್ಬೇಕು.

ಟೆನಿಸ್‌ನದೊಂದು ಹೇಳ್ಲೇಬೇಕು. 1992ರ ಒಲಿಂಪಿಕ್ಸ್ ಸ್ಪೇನ್‌ನ ಬಾರ್ಸಿಲೋನಾದಲ್ಲಿ, ಮಹಿಳೆಯರ ಡಬಲ್ಸ್ ಫೈನಲ್, ಒಂದು ಕಡೆ ಆತಿಥೇಯರ ಜೋಡಿ ಅರಾಂಚಾ ಸ್ಯಾಂಚೆಸ್ ಮತ್ತೆ ಕೊಂಚಿತಾ ಮಾರ್ಟಿನೆಸ್, ಇನ್ನೊಂದು ಕಡೆ ಅಮೆರಿಕದ ಜೋಡಿ. ಅಮೆರಿಕದವರ ಹೆಸರು ಏನು ಗೊತ್ತಾ, ಜೀಜೀ ಫರ್ನಾಂಡಿಸ್ ಮತ್ತೆ ಮೇರಿ ಜೋ ಫರ್ನಾಂಡಿಸ್! ಒಬ್ಬಳು ಪೋರ್ಟೊ ರಿಕೋದಲ್ಲಿ ಹುಟ್ಟಿದೋಳು, ಇನ್ನೊಬ್ಬಳು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ, ಒಬ್ಬರಿಗೊಬ್ಬರು ಸಂಬಂಧಿಕರಲ್ಲ. ಕೋರ್ಟ್ ಮೇಲೆ ನಾಲ್ಕು ಸ್ಪ್ಯಾನಿಷ್ ಹೆಸರು, ಚಿನ್ನ ಮಾತ್ರ ಅಮೆರಿಕಕ್ಕೆ. 1996ರಲ್ಲಿ ಅಟ್ಲಾಂಟಾದಲ್ಲೂ ಇದೇ ಜೋಡಿ ಮತ್ತೆ ಗೆದ್ರು. 2021ರ ಯುಎಸ್ ಓಪನ್ ಫೈನಲ್‌ಗೆ ಬಂದ ಕೆನಡಾದ ಲೇಲಾ ಫರ್ನಾಂಡಿಸ್ ಅಪ್ಪ ಈಕ್ವೆಡಾರ್‌ನವರು, ಅದು ಇನ್ನೊಂದೇ ದಾರಿ.

ನಮ್ಮ ಮಂಗಳೂರು ಉಡುಪಿ ಕಡೆಯ ಫರ್ನಾಂಡಿಸ್‌ರ ವಿಷಯ ಬೇರೆ. ಅದು ಸ್ಪೇನ್‌ನಿಂದ ಬಂದಿದ್ದಲ್ಲ, ಪೋರ್ಚುಗಲ್‌ನಿಂದ ಗೋವಾಗೆ, ಗೋವಾದಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರ ಜೊತೆ ಕೆನರಾಗೆ. ಪೋರ್ಚುಗೀಸರ ಬಾಲವೂ ಅದೇ ಅರ್ಥದ್ದು, ಬರೆಯೋವಾಗ ಮಾತ್ರ ಕೊನೆಗೆ ಝಡ್ ಬದಲು ಎಸ್ ಹಾಕ್ತಾರೆ, ರೋಡ್ರಿಗಸ್, ಗೊನ್ಸಾಲ್ವಿಸ್, ಅಲ್ವಾರಿಸ್, ಡಯಾಸ್ ಎಲ್ಲ ಇದೇ ಜಾತಿ. ಆದ್ರೆ ಇಲ್ಲಿ ಯಾವ ಅಪ್ಪನೂ ಫರ್ನಾಂಡೋ ಆಗಿರ್ಲಿಲ್ಲ, ಮತಾಂತರ ಆದಾಗ ದೀಕ್ಷೆ ಕೊಟ್ಟ ಪಾದ್ರಿದೋ ಪೋರ್ಚುಗೀಸ್ ಧರ್ಮಪಿತನದೋ ಹೆಸರು ಬರ್ತಿದ್ದಿದ್ದು, ಹಾಗಾಗಿ ಅರ್ಥ ನೋಡಿ ವಂಶ ಹುಡುಕೋಕೆ ಹೋದ್ರೆ ದಾರಿ ತಪ್ಪತ್ತೆ. ಎಷ್ಟೋ ಮನೆಗಳಲ್ಲಿ ಹಳೇ ಹೆಸರು ಪ್ರಭು, ಕಾಮತ್, ಶೆಣೈ, ನಾಯ್ಕ ಅಂತ ಇನ್ನೂ ನೆನಪಿಟ್ಕೊಂಡಿದಾರೆ. 1930ರಲ್ಲಿ ಮಂಗಳೂರಲ್ಲಿ ಹುಟ್ಟಿ, 1974ರಲ್ಲಿ ದೇಶದ ರೈಲೆಲ್ಲ ನಿಲ್ಲಿಸಿ, ಆಮೇಲೆ ರಕ್ಷಣಾ ಸಚಿವ ಆದ ಜಾರ್ಜ್ ಫರ್ನಾಂಡಿಸ್, ಉಡುಪಿಯ ಆಸ್ಕರ್ ಫರ್ನಾಂಡಿಸ್ ಇಬ್ಬರೂ ಈ ಕವಲಿನವರು.

ಶ್ರೀಲಂಕಾದಲ್ಲಿ ಪೋರ್ಚುಗೀಸರು ಬಿಟ್ಟುಹೋಗಿದ್ದು ಬಾಲ ಇಲ್ಲದ ಬರೀ ಫರ್ನಾಂಡೋ, ಅಲ್ಲಿನ ಕ್ರಿಕೆಟ್ ಟೀಮ್ ನೋಡಿದ್ರೆ ದಿಲ್ಹಾರಾ, ವಿಶ್ವ, ಅಸಿತ ಅಂತ ಒಬ್ಬರ ಹಿಂದೆ ಒಬ್ಬ ಫರ್ನಾಂಡೋ. ಇದನ್ನೆಲ್ಲ ನೋಡಿ ಕೊನೆಗೆ ಝಡ್ ಇದ್ರೆ ಸ್ಪೇನ್, ಎಸ್ ಇದ್ರೆ ಪೋರ್ಚುಗಲ್ ಅಂತ ಒಂದು ರೂಲ್ ಹಾಕ್ಕೋಬಹುದು, ಮುಕ್ಕಾಲುಪಾಲು ಸರಿಹೋಗತ್ತೆ, ಆದ್ರೆ ಪೂರ್ತಿ ನಂಬ್ಬೇಡಿ. ವಿಕ್ರಾಂತ್ ರೋಣದಲ್ಲಿ ರಕ್ಕಮ್ಮ ಆಗಿ ಕುಣಿದ ಜಾಕ್ವೆಲಿನ್ ಫರ್ನಾಂಡಿಸ್ ಅಪ್ಪ ಶ್ರೀಲಂಕಾದವರು, ಆಕೆ ಹೆಸರಿನ ಕೊನೆಗೆ ಇರೋದು ಝಡ್ಡೇ.