ಜಾಬ್ ಕಾರ್ಡಿನಲ್ಲಿ ಇಲ್ಲದ ದೋಷ

ಹೊಸ ಕಾರು ಕೈಕೊಟ್ಟಿತೆಂದು ನನ್ನ ಕಚೇರಿಗೆ ಬರುವ ಕಕ್ಷಿದಾರರಲ್ಲಿ ಹೆಚ್ಚಿನವರು ಮೊದಲು ತೋರಿಸುವುದು ಫೋನಿನಲ್ಲಿ ಹಿಡಿದಿಟ್ಟ ವಿಡಿಯೊಗಳನ್ನು. ಗಾಡಿ ಸರ್ವಿಸಿಗೆ ಬಿಟ್ಟಾಗ ದೂರು ಮತ್ತು ಕೆಲಸ ನಮೂದಿಸಿ ಕೊಡುವ ಜಾಬ್ ಕಾರ್ಡ್ ಹೊರಬರುವುದು ನಾನು ಕೇಳಿದ ಮೇಲೆ, ಅದೂ ಅರ್ಧದಷ್ಟು ಮಾತ್ರ. ಗೇರ್‌ಬಾಕ್ಸ್ ಜರ್ಕ್ ಹೊಡೆಯುತ್ತದೆಂದು ಆರು ತಿಂಗಳಿನಿಂದ ಸರ್ವಿಸ್ ಸೆಂಟರಿಗೆ ಅಲೆದವರ ಜಾಬ್ ಕಾರ್ಡುಗಳನ್ನು ಬಿಡಿಸಿ ನೋಡಿದರೆ ಅಲ್ಲಿರುವುದು ‘ಜನರಲ್ ಚೆಕಪ್’, ‘ವಾಷಿಂಗ್’, ‘ವ್ಹೀಲ್ ಅಲೈನ್‌ಮೆಂಟ್’ ಎಂಬ ನಮೂದುಗಳಷ್ಟೆ. ಕೆಳಗೆ, ಕೆಲಸ ತೃಪ್ತಿಕರವಾಗಿದೆ ಎಂಬ ಅಚ್ಚಾದ ಸಾಲಿನ ಪಕ್ಕದಲ್ಲಿ, ಮಾಲೀಕರ ಸಹಿ. ಜರ್ಕಿನ ವಿಷಯ ಬರೆಸಲಿಲ್ಲವೇ ಎಂದು ಕೇಳಿದರೆ ಬರುವ ಉತ್ತರವೂ ಬಹುತೇಕ ಒಂದೇ: “ಅಡ್ವೈಸರ್ ಒಳ್ಳೆಯ ಹುಡುಗ ಸಾರ್, ಬರೆಯೋದೇನೂ ಬೇಡ, ನಾನೇ ಮುಂದೆ ನಿಂತು ಮಾಡಿಸ್ತೀನಿ ಅಂದ.”

ಆ ಹುಡುಗ ಒಳ್ಳೆಯವನೇ ಇರಬಹುದು. ಆದರೆ ದೂರು ದಾಖಲಾಗುವ ಹೊತ್ತಿಗೆ ಅವನು ಬೇರೆ ಷೋರೂಮಿಗೆ ಹೋಗಿರುತ್ತಾನೆ, ಕಂಪನಿಯ ಪರ ವಕೀಲರು ಮಾತ್ರ ಆ ಜಾಬ್ ಕಾರ್ಡುಗಳನ್ನೇ ತಮ್ಮ ಲಿಖಿತ ಉತ್ತರಕ್ಕೆ ಲಗತ್ತಿಸಿ, ಇಂಥ ದೋಷವನ್ನು ಗ್ರಾಹಕರು ಎಂದೂ ಹೇಳಿಕೊಂಡೇ ಇಲ್ಲ, ಪ್ರತಿ ಸಲವೂ ತೃಪ್ತರಾಗಿ ಗಾಡಿ ಒಯ್ದಿದ್ದಾರೆ ಎಂದು ವಾದಿಸುತ್ತಾರೆ. ಗ್ರಾಹಕರ ಆಯೋಗದ ವಿಚಾರಣೆ ಸಾಮಾನ್ಯವಾಗಿ ಪ್ರಮಾಣಪತ್ರ (ಅಫಿಡವಿಟ್) ಮತ್ತು ದಾಖಲೆಗಳ ಮೇಲೆ ನಡೆಯುವುದರಿಂದ ಬಾಯಿಮಾತಿನಲ್ಲಿ ಹೇಳಿದ ದೂರಿಗೆ ಅಲ್ಲಿ ಬೆಲೆ ಬಹಳ ಕಡಿಮೆ.

ಕಾನೂನು ಗ್ರಾಹಕರ ಕೈಬಿಟ್ಟಿದೆಯೆಂದು ಯಾರೂ ತಿಳಿಯಬೇಕಾಗಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಅಧಿನಿಯಮದ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಇರುವ ಊರಿಗೆ ಹೋಗಬೇಕಾಗಿಲ್ಲ. ಕಾರಿಗೆ ತೆತ್ತ ಬೆಲೆ 50 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿಯವರೆಗೆ ರಾಜ್ಯ ಆಯೋಗ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ನಿಯಮಗಳಲ್ಲಿ ಗೊತ್ತುಪಡಿಸಿದ ಶುಲ್ಕ 400 ರೂಪಾಯಿ. ದೋಷ ನಿವಾರಣೆ, ಕಾರಿನ ಬದಲಾವಣೆ, ಹಣ ವಾಪಸು, ಪರಿಹಾರ ಇವುಗಳಲ್ಲಿ ಯಾವುದನ್ನಾದರೂ ಆಯೋಗ ಆದೇಶಿಸಬಹುದು. ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸುವುದು ವಾಡಿಕೆ, ಏಕೆಂದರೆ ಒಬ್ಬರನ್ನೇ ಸೇರಿಸಿದರೆ ಅವರು ಹೊಣೆಯನ್ನು ಅಲ್ಲಿಲ್ಲದವರ ಮೇಲೆ ಹೊರಿಸುತ್ತಾರೆ.

ತೊಡಕಿರುವುದು ‘ನನಗೆ ಹೊಸ ಕಾರೇ ಬೇಕು’ ಎಂಬ ಹಟದಲ್ಲಿ. ವಾರಂಟಿ ಪುಸ್ತಿಕೆಯನ್ನು ದಯವಿಟ್ಟು ಒಮ್ಮೆ ಓದಿ. ಅದರಲ್ಲಿ ಕಂಪನಿ ಒಪ್ಪಿಕೊಂಡಿರುವುದು ಕೆಟ್ಟ ಭಾಗವನ್ನು ದುರಸ್ತಿ ಮಾಡಿಕೊಡುತ್ತೇನೆ, ಇಲ್ಲವೇ ಬದಲಿಸಿಕೊಡುತ್ತೇನೆ ಎಂಬುದನ್ನು ಮಾತ್ರ. ಮಾರುತಿ ಉದ್ಯೋಗ್ ಕಂಪನಿಗೆ ಸಂಬಂಧಿಸಿದ 2006ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಷರತ್ತನ್ನೇ ಆಧಾರವಾಗಿಟ್ಟುಕೊಂಡು, ಇಡೀ ಕಾರನ್ನು ಬದಲಿಸಬೇಕೆಂಬ ಆದೇಶವನ್ನು ತಳ್ಳಿಹಾಕಿ, ದೋಷವಿದ್ದ ಭಾಗಗಳ ಬದಲಾವಣೆ ಮತ್ತು ಖರ್ಚಿನ ಬಾಬ್ತು ಒಂದಿಷ್ಟು ಹಣಕ್ಕೆ ಪರಿಹಾರವನ್ನು ಸೀಮಿತಗೊಳಿಸಿತು. ಫಿಯಟ್ ಕಂಪನಿಯ ವಿರುದ್ಧದ 2010ರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬೆಲೆ ವಾಪಸಿಗೆ ದಾರಿ ತೆರೆದದ್ದು ನಿಜ, ಆದರೆ ಕಾರಿನಲ್ಲಿ ಅಂತರ್ಗತವಾದ ತಯಾರಿಕಾ ದೋಷವಿದೆಯೆಂದು ಸ್ವತಂತ್ರ ತಜ್ಞರು ಅಭಿಪ್ರಾಯಪಟ್ಟರೆ ಮಾತ್ರ ಎಂಬ ಷರತ್ತಿನೊಂದಿಗೆ. ಹೊಸ ಕಾರು ಅಥವಾ ಪೂರ್ತಿ ಹಣ ಬೇಕಿದ್ದರೆ, ಭಾಗ ಬದಲಿಸಿದರೂ ಹೋಗದಂಥ ದೋಷ ಕಾರ್ಖಾನೆಯಿಂದಲೇ ಬಂದಿದೆಯೆಂದು ತೋರಿಸಬೇಕು. ಆ ಹೊಣೆ ಮೊದಲಿಗೆ ದೂರುದಾರರದು.

ಅದಕ್ಕೆ ಕಾನೂನೇ ಒಂದು ದಾರಿ ಮಾಡಿಕೊಟ್ಟಿದೆ. ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದು ಎಂದು ಕಂಡುಬಂದರೆ ಅಧಿನಿಯಮದ 38ನೆಯ ಸೆಕ್ಷನ್ನಿನಡಿ ಆಯೋಗವು ಸೂಕ್ತ ಪ್ರಯೋಗಾಲಯದ ವರದಿ ತರಿಸಿಕೊಳ್ಳಬಹುದು, ಅದರ ಶುಲ್ಕವನ್ನು ದೂರುದಾರರು ಕಟ್ಟಬೇಕಾಗುತ್ತದೆ. ಪರೀಕ್ಷೆ ಕೋರಿ ಅರ್ಜಿ ಹಾಕಿ ಎಂದರೆ “ಕಣ್ಣಿಗೇ ಕಾಣ್ತಿದೆಯಲ್ಲ, ತಜ್ಞರು ಯಾಕೆ?” ಎಂದು ನನ್ನನ್ನೇ ಗದರುವವರಿದ್ದಾರೆ. ಕಾಣುವುದು ನಿಮ್ಮ ಕಣ್ಣಿಗೆ. ನಿಮ್ಮ ಬೀದಿಯ ಮೆಕ್ಯಾನಿಕ್, ಎಷ್ಟೇ ಪಳಗಿದ ಕೈಯಾದರೂ, ಕೊಡುವ ಚೀಟಿಯನ್ನು ಕಂಪನಿಯವರು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ.

ತಜ್ಞರ ಪರೀಕ್ಷೆಗೂ ಜಾಬ್ ಕಾರ್ಡಿಗೂ ಏನು ನಂಟು ಎಂಬುದನ್ನೇ ಜನ ಮತ್ತೆ ಮತ್ತೆ ತಪ್ಪಾಗಿ ತಿಳಿಯುತ್ತಾರೆ. ತಜ್ಞರು ಕಾರನ್ನು ನೋಡುವುದು ದೂರು ಕೊಟ್ಟು ಎಷ್ಟೋ ತಿಂಗಳಾದ ಮೇಲೆ, ಒಂದೇ ದಿನ, ಬಹಳವೆಂದರೆ ಎರಡು ದಿನ. ಆ ದಿನ ಗಾಡಿ ಸುಮ್ಮನೆ ಓಡಿಬಿಟ್ಟರೆ? ಹಾಗೆ ಆಗುವುದುಂಟು. ಆಗ ಅವರ ಮುಂದೆ, ಡೀಲರನದೇ ಕಾಗದದ ಮೇಲೆ, ಒಂದೇ ತಕರಾರು 1,200 ಕಿಲೋಮೀಟರಿನಲ್ಲಿ, 3,000ದಲ್ಲಿ, 5,500ರಲ್ಲಿ ಮರಳಿ ಮರಳಿ ದಾಖಲಾಗಿದ್ದು, ಪ್ರತಿ ಸಲ ಯಾವ ಭಾಗ ಬದಲಿಸಿದರು ಎಂಬುದೂ ಇದ್ದರೆ ವರದಿಯ ದಿಕ್ಕೇ ಬೇರೆಯಾಗಬಹುದು. ಹಾಗಿಲ್ಲದೆ ಮೀಟರು 30,000 ದಾಟಿದ್ದರೆ, ಇಷ್ಟು ದೂರ ಓಡಿದ ಕಾರಿನಲ್ಲಿ ತಯಾರಿಕಾ ದೋಷವೆಲ್ಲಿ ಬಂತು ಎಂಬ ಕಂಪನಿಯ ವಾದಕ್ಕೆ ಉತ್ತರ ಹುಡುಕುವುದು ಕಷ್ಟ.

ತಿಪಟೂರಿನ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನಗೆ ಬಹಳ ಇಷ್ಟವಾದ ಕಕ್ಷಿದಾರರು. ಸರ್ವಿಸ್ ಸೆಂಟರಿನಲ್ಲಿ ಅವರು ಹೇಳಿದ್ದನ್ನು ಸಂಕ್ಷೇಪಿಸಿ ಬರೆದುಕೊಂಡಾಗಲೆಲ್ಲ ಕನ್ನಡಕ ಏರಿಸಿ ಓದಿ, “ಮಗೂ, ನಾನು ಹೇಳಿದ್ದು ಇದಲ್ಲ, ಇನ್ನೊಮ್ಮೆ ಬರಿ” ಎಂದು ಕುಳಿತೇಬಿಡುತ್ತಿದ್ದರಂತೆ. ‘ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ, ಎಂಜಿನ್ ಬಿಸಿಯಾದ ಮೇಲೆ, ಏರಿನಲ್ಲಿ’ ಎಂದು ಬರೆಸಿಕೊಂಡ ಮೇಲೆಯೇ ಸಹಿ. ಗಾಡಿ ವಾಪಸು ಪಡೆಯುವಾಗ ಅಚ್ಚಾದ ತೃಪ್ತಿಯ ಸಾಲನ್ನು ಹೊಡೆದು, ‘ದೋಷ ಮುಂದುವರಿದಿದೆ, ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಎಂದು ದುಂಡಗಿನ ಅಕ್ಷರದಲ್ಲಿ ಸೇರಿಸುತ್ತಿದ್ದರು. ಅದೇ ದಿನ ಸಂಜೆ ಮಗಳ ಕೈಯಲ್ಲಿ ಕಂಪನಿಗೆ ಇಮೇಲ್ ಕಳಿಸುತ್ತಿದ್ದರು. ಅವರ ದೂರಿನಲ್ಲಿ ನನಗಿದ್ದ ಕೆಲಸ ಕಾಗದಗಳನ್ನು ದಿನಾಂಕದಂತೆ ಜೋಡಿಸುವುದಷ್ಟೆ, ಕಂಪನಿ ರಾಜಿಗೆ ಬಂದದ್ದು ಪರೀಕ್ಷೆಯ ಅರ್ಜಿ ಮಂಜೂರಾದ ಮೇಲೆ. ಎಲ್ಲ ಪ್ರಕರಣವೂ ಹೀಗೆ ಮುಗಿಯುತ್ತದೆಂದು ನಾನು ಭರವಸೆ ಕೊಡಲಾರೆ.

ಸಿಟ್ಟಿನಲ್ಲಿ ಮಾಡುವ ಕೆಲವು ಕೆಲಸಗಳು ಪ್ರಕರಣವನ್ನೇ ಕೆಡಿಸುತ್ತವೆ. ಬ್ಯಾಂಕಿನ ಕಂತು ನಿಲ್ಲಿಸಬೇಡಿ. ಸಾಲ ಬೇರೆಯದೇ ಕರಾರು, ಕಾರಿನ ದೋಷ ಬ್ಯಾಂಕಿಗೆ ಸಂಬಂಧಿಸಿದ್ದಲ್ಲ. ದೂರು ಬಾಕಿ ಇರುವಾಗ ಆಯೋಗದ ಅನುಮತಿಯಿಲ್ಲದೆ ಕಾರು ಮಾರಬೇಡಿ, ಏಕೆಂದರೆ ಪರೀಕ್ಷಿಸಲು ವಸ್ತುವೇ ಇಲ್ಲದಂತಾಗುತ್ತದೆ, ಮಾರಿದವರು ಗ್ರಾಹಕರಾಗಿ ಉಳಿಯುವುದಿಲ್ಲವೆಂಬ ವಾದವೂ ಏಳುತ್ತದೆ. ಡೀಲರನ ಅಂಗಳದಲ್ಲಿ ಗಾಡಿ ಬಿಟ್ಟುಬರಲೇಬೇಕಾದರೆ ಕಾರಣವನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರು ಕಂಪನಿಯ ಹೆಸರಿನಲ್ಲಿದೆಯೆಂದು ಹಿಂಜರಿಯುವವರಿಗೆ ಒಂದು ಮಾತು: ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾನೂನಿನ ಕಣ್ಣಿಗೆ ಗ್ರಾಹಕರಲ್ಲ, ಆದರೆ ನಿರ್ದೇಶಕರ ಸ್ವಂತ ಬಳಕೆಗೆ ಕೊಂಡ ಕಾರು ಅಷ್ಟರಿಂದಲೇ ವಾಣಿಜ್ಯ ಉದ್ದೇಶದ್ದಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ಬಾಡಿಗೆಗೆ ಓಡಿಸುವ ಟ್ಯಾಕ್ಸಿಯ ವಿಷಯ ಬೇರೆ, ಅಲ್ಲಿ ಸ್ವಯಂ ಉದ್ಯೋಗಕ್ಕಾಗಿ ಕೊಂಡದ್ದೆಂದು ತೋರಿಸಬೇಕಾಗುತ್ತದೆ.

ದೂರು ಕೊಡಲು ಕಾಲಮಿತಿ, ವ್ಯಾಜ್ಯ ಕಾರಣ (ದೂರಿಗೆ ಎಡೆಮಾಡಿದ ಸಂಗತಿ) ಹುಟ್ಟಿದ ದಿನದಿಂದ ಎರಡು ವರ್ಷ. ಅದು ಯಾವ ದಿನ ಎಂಬುದೇ ಅನೇಕ ಸಲ ವಿವಾದಕ್ಕೆ ಬೀಳುತ್ತದೆ. ಪ್ರತಿ ರಿಪೇರಿಯಿಂದಲೂ ಹೊಸ ಲೆಕ್ಕ ಶುರುವಾಗುತ್ತದೆಂದು ನಂಬಿಕೊಂಡು ಕೂರುವುದು ಅಪಾಯ. ದೋಷವನ್ನು ಮೊದಲ ಸಲ ಜಾಬ್ ಕಾರ್ಡಿನಲ್ಲಿ ಬರೆಸಿದ ದಿನವನ್ನೇ ಆರಂಭವೆಂದು ಎಣಿಸಿ, ಅಲ್ಲಿಂದ ಎರಡು ವರ್ಷದೊಳಗೆ ದೂರು ದಾಖಲಿಸುವಂತೆ ನಾನು ಹೇಳುತ್ತೇನೆ. ಮೀರಿದ್ದರೆ ವಿಳಂಬ ಮನ್ನಿಸುವಂತೆ ಅರ್ಜಿ ಹಾಕಬಹುದು, ಆದರೆ ಅದಕ್ಕೆ ತಕ್ಕ ಕಾರಣ ಬೇಕು. ಇನ್ನೇನು ಸರಿಮಾಡಿಕೊಡುತ್ತಾರೆಂದು ಡೀಲರನ ಮಾತು ನಂಬಿ ಕಾಯುತ್ತಿದ್ದೆ ಎಂಬ ಕಾರಣವನ್ನು ಆಯೋಗ ಒಪ್ಪಬೇಕಾದರೂ, ಆ ಮಾತು ಎಲ್ಲಾದರೂ ಬರಹದಲ್ಲಿ ಇರಬೇಕಾಗುತ್ತದೆ.