ಆ ಮನೆಗಳ ಮುಂಬಾಗಿಲು ಯಾವುದು?

ಓದುಗರ ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿರುವ ರಾಡ್‌ಬರ್ನ್ ಬಡಾವಣೆಯ ಚಿತ್ರಗಳನ್ನು ನೋಡಿದೆ. ರಸ್ತೆಯ ಕಡೆ ಅಡುಗೆಮನೆ, ಗ್ಯಾರೇಜು. ಹಜಾರವೆಲ್ಲ ಹಿಂದುಗಡೆ, ಹುಲ್ಲುಹಾಸಿನತ್ತ. ಮನೆಗಳನ್ನು ಹೀಗೆ ಹಿಂದುಮುಂದಾಗಿ ಕಟ್ಟಿದ್ದೇಕೆ?

ಉತ್ತರ: ಕಟ್ಟಿದವರನ್ನು ಕೇಳಿದ್ದರೆ, ಮನೆ ಸರಿಯಾಗಿಯೇ ನಿಂತಿದೆ, ನೀವು ಬಂದದ್ದು ಹಿತ್ತಿಲ ದಾರಿಯಲ್ಲಿ ಎನ್ನುತ್ತಿದ್ದರು. ಕಾರಿನಲ್ಲಿ ಬರುವವರಿಗೆ ಒಂದು ಬಾಗಿಲು, ನಡೆದು ಬರುವವರಿಗೆ ಇನ್ನೊಂದು. ಮನೆಯ ಗೌರವದ ಮುಖವನ್ನು ಅವರು ನಡೆದು ಬರುವವರ ಕಡೆ ತಿರುಗಿಸಿದರು.

1929ರಲ್ಲಿ ಜನ ಅಲ್ಲಿ ವಾಸಕ್ಕೆ ಬರತೊಡಗಿದಾಗ ಅಮೆರಿಕದ ರಸ್ತೆಗಳ ಮೇಲೆ ಎರಡು ಕೋಟಿಗೂ ಹೆಚ್ಚು ಕಾರುಗಳಿದ್ದವು. ಊರುಗಳ ಬೀದಿಗಳಾದರೋ ಕುದುರೆಗಾಡಿಯ ಕಾಲದವು. ಚೌಕಾಕಾರದ ಜಾಲದಂತೆ ಹರಡಿದ ಬೀದಿಗಳಲ್ಲಿ ಪ್ರತಿ ನೂರು ಹೆಜ್ಜೆಗೊಂದು ಅಡ್ಡರಸ್ತೆ, ಪ್ರತಿ ಮನೆಯ ಹೊಸ್ತಿಲಲ್ಲೂ ವಾಹನ. ಶಾಲೆಗೆ ಹೊರಟ ಮಗು ನಾಲ್ಕೈದು ಕಡೆ ರಸ್ತೆ ದಾಟಲೇಬೇಕಿತ್ತು. ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಎಂಬ ಇಬ್ಬರು ವಿನ್ಯಾಸಕಾರರು ಕೈಗೆತ್ತಿಕೊಂಡದ್ದು ಈ ತೊಡಕನ್ನು. ಊರಿಗೆ ಅವರು ಕೊಟ್ಟ ಬಿರುದೇ ‘ಮೋಟಾರು ಯುಗದ ಪಟ್ಟಣ’. ಕಾರನ್ನು ಹೊರಗಿಡುವ ಹಟ ಅವರಿಗಿರಲಿಲ್ಲ. ಅದು ಬಂದೇ ಬರುತ್ತದೆ, ಆದ್ದರಿಂದ ಎಲ್ಲಿಯವರೆಗೆ ಬರಬಹುದು ಎಂಬ ಗೆರೆ ಎಳೆಯಬೇಕು ಎಂಬುದು ಅವರ ಲೆಕ್ಕ.

ಆ ಗೆರೆ ಎಳೆದ ಬಗೆ ಹೀಗಿತ್ತು. ಸಣ್ಣ ಸಣ್ಣ ಚೌಕಗಳ ಬದಲು ಮೂವತ್ತು–ಐವತ್ತು ಎಕರೆಯ ದೊಡ್ಡ ತುಂಡು, ಅಂದರೆ ಸೂಪರ್‌ಬ್ಲಾಕ್. ವೇಗದ ಸಂಚಾರಕ್ಕೆ ಅದರ ಅಂಚಿನಲ್ಲಷ್ಟೇ ಜಾಗ. ಅಂಚಿನ ರಸ್ತೆಯಿಂದ ಒಳಕ್ಕೆ, ಬಾಚಣಿಗೆಯ ಹಲ್ಲುಗಳಂತೆ, ಮುಂದೆ ದಾರಿಯಿಲ್ಲದ ಕಿರುಗಲ್ಲಿಗಳು. ಗಲ್ಲಿ ಎಲ್ಲಿಗೂ ಹಾಯದ ಕಾರಣ ಅಲ್ಲಿ ಮನೆ ಇರುವವರ ಹೊರತು ಬೇರೆಯವರ ಗಾಡಿಗೆ ಅಲ್ಲಿ ಕೆಲಸವಿಲ್ಲ. ಸಾಮಾನು ಇಳಿಸುವುದು, ಕಸ ಒಯ್ಯುವುದು, ಕಾರು ನಿಲ್ಲಿಸುವುದು ಎಲ್ಲವೂ ಈ ಕಡೆ. ಹೀಗಾಗಿ ಅಡುಗೆಮನೆಯೂ ಈ ಕಡೆಗೇ ಬಂತು. ಹಜಾರ ಮತ್ತು ಮಲಗುವ ಕೋಣೆಗಳು ಇನ್ನೊಂದು ಮಗ್ಗುಲಿಗೆ ಹೋದವು. ಅಲ್ಲಿ ಪುಟ್ಟ ತೋಟ, ತೋಟದಾಚೆ ಕಾಲುದಾರಿ, ಕಾಲುದಾರಿ ಹೋಗಿ ಸೇರುವುದು ಸೂಪರ್‌ಬ್ಲಾಕಿನ ನಡುವಿನ ಉದ್ಯಾನಕ್ಕೆ. ರಸ್ತೆ ಎದುರಾದಲ್ಲಿ ಕಾಲುದಾರಿ ಅಂಡರ್‌ಪಾಸ್‌ನಲ್ಲಿ ಇಳಿದು ಆಚೆ ಏಳುತ್ತದೆ. ಮಕ್ಕಳು ರಸ್ತೆ ದಾಟದೆಯೇ ಶಾಲೆ ಮುಟ್ಟಬಹುದು ಎಂಬುದು ಈ ನಕ್ಷೆಯ ಮುಖ್ಯ ಆಶಯ.

ಇದರಲ್ಲಿ ಮೂರನೆಯವರೊಬ್ಬರ ಪಾಲನ್ನು ಎಲ್ಲರೂ ಮರೆಯುತ್ತಾರೆ. ಉದ್ಯಾನದ ಗಿಡಮರಗಳ ವಿನ್ಯಾಸ ಮಾರ್ಜರಿ ಸೂವೆಲ್ ಕಾಟ್ಲಿ ಅವರದು. ಮನೆಗಳು ಬೆನ್ನು ತಿರುಗಿಸಿದ್ದನ್ನು ಸಹ್ಯವಾಗಿಸಿದ್ದು ನಕ್ಷೆಗಿಂತ ಹೆಚ್ಚಾಗಿ ಅವರು ನೆಟ್ಟ ಹಸಿರೇ ಎಂದು ನನಗನ್ನಿಸುತ್ತದೆ. ಹಿತ್ತಿಲಲ್ಲಿ ಬರೀ ಬಯಲಿದ್ದರೆ ಯಾರು ಅತ್ತ ಮುಖ ಮಾಡಿ ಕೂರುತ್ತಿದ್ದರು?

ಭೂಪಟದಲ್ಲಿ ರಾಡ್‌ಬರ್ನ್ ಹುಡುಕಿದವರಿಗೆ ಒಂದು ಗೊಂದಲ ಖಚಿತ. ಅದು ಸ್ವತಂತ್ರ ಊರಲ್ಲ. ಬರ್ಗನ್ ಕೌಂಟಿಯ ಫೇರ್ ಲಾನ್ ಎಂಬ ಪಟ್ಟಣದೊಳಗಿನ ಒಂದು ಭಾಗ. ಫೇರ್ ಲಾನ್‌ಗೆ ಪಟ್ಟಣದ ಸ್ಥಾನ ಸಿಕ್ಕಿದ್ದು 1924ರಲ್ಲಿ. ಪಶ್ಚಿಮಕ್ಕೆ ಪಸೇಯಿಕ್ ನದಿ, ಪೂರ್ವಕ್ಕೆ ಸ್ಯಾಡಲ್ ನದಿ, ನಡುವೆ ಹೊಲಗದ್ದೆಗಳ ನೆಲ. ನ್ಯೂಯಾರ್ಕಿಗೆ ಹೋಗಿಬರಲು ರೈಲಿತ್ತು. ಬಡಾವಣೆಯ ಹೆಸರಿನ ನಿಲ್ದಾಣ ಇಂದಿಗೂ ಇದೆ.

ಹಣ ಹೂಡಿದ್ದು ಅಲೆಕ್ಸಾಂಡರ್ ಬಿಂಗ್ ಮುಖ್ಯಸ್ಥರಾಗಿದ್ದ ಸಿಟಿ ಹೌಸಿಂಗ್ ಕಾರ್ಪೊರೇಷನ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಸನಿಸೈಡ್ ಗಾರ್ಡನ್ಸ್ ಕಟ್ಟಿ ಕೈ ಪಳಗಿಸಿಕೊಂಡಿದ್ದ ಸಂಸ್ಥೆ ಅದು. ಇಂಗ್ಲೆಂಡಿನ ಎಬನೀಜರ್ ಹೊವಾರ್ಡ್ ಪ್ರತಿಪಾದಿಸಿದ ಉದ್ಯಾನನಗರಿಯ ಕನಸು ಇವರ ತಲೆಯಲ್ಲಿತ್ತು. ರಾಡ್‌ಬರ್ನ್‌ನಲ್ಲಿ 25,000 ಜನರ ಪಟ್ಟಣ ಕಟ್ಟುವುದು ಯೋಜನೆ. ಆದರೆ 1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ಮನೆ ಕೊಳ್ಳುವವರಿಲ್ಲ, ಕೊಂಡವರಲ್ಲಿ ಹಲವರಿಗೆ ಕಂತು ಕಟ್ಟುವ ಶಕ್ತಿಯಿಲ್ಲ. ಕೆಲವೇ ವರ್ಷಗಳಲ್ಲಿ ಸಂಸ್ಥೆಯೇ ದಿವಾಳಿಯಾಯಿತು. ಉಳಿದದ್ದು 149 ಎಕರೆ. ಅದರಲ್ಲಿ 430 ಬಿಡಿ ಮನೆಗಳು, 90 ಸಾಲುಮನೆಗಳು, 54 ಜೋಡಿಮನೆಗಳು, 93 ಮನೆಗಳ ಒಂದು ವಸತಿ ಸಮುಚ್ಚಯ, ಮತ್ತು 23 ಎಕರೆ ಉದ್ಯಾನ. ಒಟ್ಟು ಮೂರು ಸಾವಿರದಷ್ಟು ಜನ. ಪಟ್ಟಣವಾಗಬೇಕಿದ್ದದ್ದು ಬಡಾವಣೆಯಾಗಿ ನಿಂತಿತು. 2005ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆಯೂ ಬಂತು.

ನಕ್ಷೆ ಫಲಿಸಿತೇ ಎಂಬುದು ಮುಂದಿನ ಪ್ರಶ್ನೆ. 1970ರ ಅಧ್ಯಯನವೊಂದರ ಪ್ರಕಾರ ರಾಡ್‌ಬರ್ನ್ ನಿವಾಸಿಗಳಲ್ಲಿ ಶೇ 47ರಷ್ಟು ಮಂದಿ ದಿನಸಿಗೆ ನಡೆದೇ ಹೋಗುತ್ತಿದ್ದರು; ಯೋಜನೆಯಿಲ್ಲದೆ ಬೆಳೆದ ಹತ್ತಿರದ ಇನ್ನೊಂದು ವಸತಿ ಪ್ರದೇಶದಲ್ಲಿ ಈ ಪ್ರಮಾಣ ಶೇ 8 ಮಾತ್ರ. ಕಾರಿಗಾಗಿ ಕಟ್ಟಿದ ಊರಿನಲ್ಲಿ ಜನ ಹೆಚ್ಚು ನಡೆದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಆದರೆ ಇದೇ ಮಾದರಿಯನ್ನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಸರ್ಕಾರಿ ವಸತಿಗೆ ಬಳಸಿದಾಗ ಕತೆ ತಿರುಗಿತು. ಯಾರದೂ ಅಲ್ಲದ ಉದ್ಯಾನಗಳನ್ನು ನೋಡಿಕೊಳ್ಳುವವರಿರಲಿಲ್ಲ, ಮನೆಗಳ ನಡುವಿನ ಓಣಿಗಳು ಕಳ್ಳರಿಗೆ ಅನುಕೂಲವಾದವು. ಕೊನೆಗೆ ಮನೆಗಳ ಮುಖವನ್ನು ಮತ್ತೆ ರಸ್ತೆಯತ್ತ ತಿರುಗಿಸುವ ಕೆಲಸಕ್ಕೇ ‘ಡಿ-ರಾಡ್‌ಬರ್ನಿಂಗ್’ ಎಂಬ ಹೆಸರು ಹುಟ್ಟಿತು.

ಮೂಲ ರಾಡ್‌ಬರ್ನ್ ಆ ಗತಿಗೆ ಬೀಳದಿರಲು ಒಂದು ಕಾರಣ, ಉದ್ಯಾನಗಳಿಗೆ ಅಲ್ಲಿ ಒಡೆತನವಿತ್ತು. ನಿವಾಸಿಗಳು ವಾರ್ಷಿಕ ಶುಲ್ಕ ಕೊಡುತ್ತಾರೆ, ರಾಡ್‌ಬರ್ನ್ ಅಸೋಸಿಯೇಷನ್ ನಿರ್ವಹಿಸುತ್ತದೆ. ಒಡೆತನವಿದ್ದಲ್ಲಿ ಜಗಳವೂ ಇರುತ್ತದಲ್ಲ. ಶುಲ್ಕ ಎಲ್ಲರದು, ಮತದ ಹಕ್ಕುಳ್ಳ ಸದಸ್ಯತ್ವ ಮಾತ್ರ ಹಾಲಿ ಮತ್ತು ಮಾಜಿ ಟ್ರಸ್ಟಿಗಳಿಗೆ ಎಂಬ ವ್ಯವಸ್ಥೆಯ ವಿರುದ್ಧ ಕೆಲ ನಿವಾಸಿಗಳು ನ್ಯಾಯಾಲಯದವರೆಗೆ ಹೋದರು. 2017ರಲ್ಲಿ ನ್ಯೂಜೆರ್ಸಿ ರಾಜ್ಯ ಇಂಥ ಸಂಘಗಳ ಚುನಾವಣೆಯಲ್ಲಿ ಎಲ್ಲ ಮನೆ ಮಾಲೀಕರಿಗೂ ಪಾಲು ಕೊಡುವ ಕಾನೂನು ತಂದಾಗ, ಜನ ಅದನ್ನು ರಾಡ್‌ಬರ್ನ್ ಕಾನೂನು ಎಂದೇ ಕರೆದರು.

ಇನ್ನು ನಿಮ್ಮ ಬಾಗಿಲಿನ ಪ್ರಶ್ನೆಗೆ ಮರಳುತ್ತೇನೆ. ಉದ್ಯಾನ ಚೆನ್ನಾಗಿಯೇ ಇದ್ದರೂ ಮಕ್ಕಳು ಮೊದಲಿನಿಂದಲೂ ಗಲ್ಲಿಯಲ್ಲಿ ಆಡಿದರು. ಮೂರುಗಾಲಿ ಸೈಕಲ್ ಹುಲ್ಲಿನ ಮೇಲೆ ಓಡುವುದಿಲ್ಲ, ಅಮ್ಮಂದಿರ ಕಣ್ಣು ಅಡುಗೆಮನೆಯ ಕಿಟಕಿಯಲ್ಲಿತ್ತು. ಅತಿಥಿಗಳು ಬರುವುದು ಕಾರಿನಲ್ಲಿ. ಅಂಚೆ ವಿಳಾಸದಲ್ಲಿರುವುದೂ ಗಲ್ಲಿಯ ಹೆಸರೇ: ‘ಎ’ ಪಾರ್ಕಿನ ಸುತ್ತ ಎ ಅಕ್ಷರದವು, ‘ಬಿ’ ಪಾರ್ಕಿನ ಸುತ್ತ ಬಿ ಅಕ್ಷರದವು. ಹಾಗಾಗಿ ನೀವು ಆ ಊರಿಗೆ ಹೋದರೆ ಗೌರವದ ಬಾಗಿಲನ್ನು ಹುಡುಕಿಕೊಂಡು ಉದ್ಯಾನ ಸುತ್ತಬೇಡಿ. ಗ್ಯಾರೇಜಿನ ಪಕ್ಕದ ಬಾಗಿಲನ್ನೇ ತಟ್ಟಿ, ಮನೆಯವರು ಇರುವುದು ಅಲ್ಲೇ.