ನೂರು ವರ್ಷ ತುಂಬಿದ ಮನೆ ಸರ್ಕಾರದ್ದಾಗುತ್ತದೆಯೇ?

ಪ್ರಶ್ನೆ: ಕಾಪುವಿನ ಬಳಿ ಇರುವ ನಮ್ಮ ಹಿರಿಯರ ಹೆಂಚಿನ ಮನೆಗೆ ನೂರು ವರ್ಷ ದಾಟಿದೆ. ಮಾಡು ಬಿಚ್ಚಿ ಪಕ್ಕಾಸು ಬದಲಿಸಲು ಹೊರಟರೆ ಪುರಾತತ್ವ ಇಲಾಖೆಯವರು ಮನೆಯನ್ನೇ ವಶಪಡಿಸಿಕೊಳ್ಳುತ್ತಾರೆಂದು ನೆಂಟರು ಹೆದರಿಸುತ್ತಿದ್ದಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಊರಿನ ಹೆಸರು ಬದಲಾದರೂ ಪ್ರಶ್ನೆ ಮಾತ್ರ ಬದಲಾಗದೆ ಬರುತ್ತಲೇ ಇರುವುದರಿಂದ ಈ ಸಲ ತುಸು ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ನೂರು ವರ್ಷದ ಮಾತು ಇದೆ. ಆದರೆ ಅದು ಸ್ಮಾರಕವೆನಿಸಿಕೊಳ್ಳಲು ಬೇಕಾದ ಕನಿಷ್ಠ ವಯಸ್ಸು, ಅಷ್ಟೆ. ಇಪ್ಪತ್ತೈದು ತುಂಬಿದವರೆಲ್ಲ ಶಾಸಕರಾಗಿಬಿಡುವುದಿಲ್ಲವಲ್ಲ! ಒಂದು ಕಟ್ಟಡವನ್ನು ಸಂರಕ್ಷಿತವೆಂದು ಸಾರಬೇಕಾದರೆ ಸರ್ಕಾರ ಮೊದಲು ಅಧಿಸೂಚನೆ ಹೊರಡಿಸಿ, ಅದರ ಪ್ರತಿಯನ್ನು ಆ ಕಟ್ಟಡದ ಬಳಿ ಎದ್ದುಕಾಣುವಂತೆ ಅಂಟಿಸಿ, ಆಕ್ಷೇಪಣೆಗೆ ಎರಡು ತಿಂಗಳು ಕಾಲಾವಕಾಶ ಕೊಡಬೇಕು. ಹಾಗೆ ಸಾರಿದ ಮಾತ್ರಕ್ಕೂ ಒಡೆತನ ಹೋಗುವುದಿಲ್ಲ. ಮಾಲೀಕರೊಡನೆ ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳುವ ಅವಕಾಶ ಅದೇ ಕಾಯ್ದೆಯಲ್ಲಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಎದ್ದ ಹೆಂಚಿನ ಮನೆಗಳಲ್ಲಿ ನೂರು ದಾಟಿದವೆಲ್ಲ ತಾವಾಗಿಯೇ ಸ್ಮಾರಕಗಳಾಗುವಂತಿದ್ದರೆ, ಅವುಗಳನ್ನು ಇಷ್ಟು ಸಲೀಸಾಗಿ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಲು ಸಾಧ್ಯವಾಗುತ್ತಿತ್ತೇ?

ವಯಸ್ಸಿಗಿಂತ ಜಾಗವನ್ನು ನೋಡಿಕೊಳ್ಳಿ. ಕಾರ್ಕಳದ ಚತುರ್ಮುಖ ಬಸದಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲದಿದ್ದರೂ, 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯನ್ನು ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ಅಲ್ಲಿ ನಿನ್ನೆ ಮೊನ್ನೆ ಕಟ್ಟಿದ ಮನೆಗೂ ನಿರ್ಬಂಧ ತಪ್ಪಿದ್ದಲ್ಲ. ನಿಮ್ಮ ಮನೆ ಅಂಥ ವಲಯದಲ್ಲಿಲ್ಲವಾದರೆ, ಕಟ್ಟಡದ ಸ್ವರೂಪ ಬದಲಿಸುವ ಕೆಲಸಕ್ಕೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕೇ ಎಂದು ಕೇಳಿಕೊಂಡರೆ ಸಾಕು. ಮನೆ ಹಳೆಯದೆಂದು ಆಸ್ತಿ ತೆರಿಗೆಯೂ ಏರುವುದಿಲ್ಲ. ಸ್ವಯಂ ಘೋಷಣೆಯ ಲೆಕ್ಕದಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆಯುತ್ತಾರೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ನೂರು ವರ್ಷ ತುಂಬಿದ ಮನೆಗೆ ತಾನಾಗಿ ಅನ್ವಯಿಸದ ಕಾನೂನು, ಆ ಮನೆಯಿಂದ ಕಳಚಿದ ಅಷ್ಟೇ ಹಳೆಯ ದಾರಂದಕ್ಕೆ, ಅಂದರೆ ಬಾಗಿಲ ಚೌಕಟ್ಟಿಗೆ, ಅನ್ವಯಿಸುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವಿಗೆ ನೂರು ವರ್ಷವಾಗಿದ್ದರೆ ಅದೂ ಪ್ರಾಚ್ಯವಸ್ತುವೇ. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು; ಖಾಸಗಿಯವರು ಹೊರದೇಶಕ್ಕೆ ಸಾಗಿಸಿದರೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, ಮೇಲೆ ದಂಡ. ಮಾಡು ಬಿಚ್ಚುವ ಸುದ್ದಿ ತಿಳಿದು ಚಾವಡಿಯ ಕೆತ್ತನೆಯ ಕಂಬಕ್ಕೆ ಬೆಲೆ ಕಟ್ಟಲು ಟೆಂಪೋ ತಂದವರಿದ್ದರೆ, ರೊಕ್ಕದ ಮಾತಿಗೆ ಮೊದಲು ಅವರ ಪರವಾನಗಿಯನ್ನು ತೋರಿಸಲು ಹೇಳಿ.